ಮೂಗುದಾರ

"ಬಡ್ಡಿ ದಂಧೆಗೆ ಮೂಗುದಾರ", "ಖಾಸಗಿ ಶಾಲೆಗಳಿಗೆ ಮೂಗುದಾರ". ತಲೆಬರಹ ಬರೆಯುವವರಿಗೆ ಈ ಪದ ಬಲು ಇಷ್ಟ. ಬೇಸರವಾದರೆ ಕಡಿವಾಣವಿದೆ, ಲಗಾಮಿದೆ, ಅಂಕುಶವೂ ಇದೆ. ಯಾರನ್ನಾದರೂ ಹಿಡಿತದಲ್ಲಿಡುವ ಮಾತು ಬಂದರೆ ನಮಗೆ ಕೊಟ್ಟಿಗೆ, ಲಾಯಗಳೇ ನೆನಪಾಗುತ್ತವೆ.

ಮನೆಯ ಹಿರಿಯರೂ ಕಡಿಮೆಯಿಲ್ಲ. ಊರು ಸುತ್ತುವ ಹುಡುಗನನ್ನು ಕಂಡು "ಇವನಿಗೊಂದು ಮೂಗುದಾರ ಹಾಕ್ಬೇಕು ಕಣಯ್ಯ" ಅಂದರೆ, ಹೆಣ್ಣು ನೋಡಿ ಎಂದರ್ಥ. (ದಾರ ಹಿಡಿಯುವ ಕೆಲಸ ಬೇಕೋ ಬೇಡವೋ ಎಂದು ಆ ಹೆಣ್ಣನ್ನು ಕೇಳಿದವರನ್ನು ನಾನು ಕಂಡಿಲ್ಲ.)

ಹೋರಿಗೆ ಹಾಕುವ ಬಗೆ ಬೇರೆ. ಅದನ್ನು ಮರಕ್ಕೆ ಬಿಗಿದು, ಒಬ್ಬ ಕೊಂಬು ಹಿಡಿದು ತಲೆ ಮೇಲೆತ್ತುತ್ತಾನೆ. ಇನ್ನೊಬ್ಬ ಹೊಳ್ಳೆಯೊಳಗೆ ಬೆರಳಿಟ್ಟು, ನಡುವಿನ ಗೋಡೆಯಲ್ಲಿ ಮೆತ್ತಗಿರುವ ಜಾಗ ಹುಡುಕಿ ದಬ್ಬಣ ತೂರಿಸುತ್ತಾನೆ. ಹಿಂದೆಯೇ ಹಗ್ಗ. ಅದರ ಎರಡೂ ತುದಿ ಕೊಂಬಿನ ಹಿಂದೆ ಹೋಗಿ ಗಂಟಾಗುತ್ತವೆ. ಗಾಯಕ್ಕೆ ಎಣ್ಣೆ, ಅರಿಸಿನ. ಗಾಯ ಮಾಯುತ್ತದೆ, ತೂತು ಉಳಿಯುತ್ತದೆ. ದನದ ಮೈಯಲ್ಲಿ ಬಹಳ ಸೂಕ್ಷ್ಮವಾದ ಜಾಗ ಅದು. ಅದಕ್ಕೇ ಕ್ವಿಂಟಲ್‌ಗಟ್ಟಲೆ ತೂಗುವ ಎತ್ತು ಸಣ್ಣ ಹುಡುಗನ ಎಳೆತಕ್ಕೂ ತಿರುಗುತ್ತದೆ. ನಾವು ಅದನ್ನು 'ಸಾಧು' ಎನ್ನುತ್ತೇವೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೂ ಈ ದಾರ ಗೊತ್ತು. ಹೊಡೆಯುವುದು, ಮಿತಿಮೀರಿ ಹೇರುವುದು, ತೀರಾ ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಎಲ್ಲವೂ ಹಿಂಸೆ ಎನ್ನುತ್ತದೆ ಅದರ 11ನೇ ಸೆಕ್ಷನ್. ಅದೇ ಸೆಕ್ಷನ್ ಮುಂದೆ ಹೋಗಿ, ನಿಗದಿತ ರೀತಿಯಲ್ಲಿ ಬೀಜ ಒಡೆದರೆ, ಬರೆ ಹಾಕಿದರೆ, ಮೂಗುದಾರ ಪೋಣಿಸಿದರೆ ತಪ್ಪಿಲ್ಲ ಎನ್ನುತ್ತದೆ. 2017ರಲ್ಲಿ ಕರ್ನಾಟಕ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ವಿನಾಯಿತಿ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಹಿಂಸೆಗಿಂತ ವಿನಾಯಿತಿಗಳನ್ನು ಓದಿದರೆ ಒಡೆತನ ಎಂದರೇನೆಂದು ಬೇಗ ತಿಳಿಯುತ್ತದೆ.

ಉಳುವವನನ್ನು ಕಟಕಟೆಗೆ ಹತ್ತಿಸುವುದು ನನ್ನ ಇರಾದೆಯಲ್ಲ. ಎತ್ತು ಬೆದರಿ ಅಡ್ಡ ಹೋದರೆ ಮುರಿಯುವುದು ಅವನದೇ ಕಾಲು. ಆದರೆ ಎಷ್ಟೋ ಮನೆಗಳಲ್ಲಿ ಹಾಲು ಕರೆಯುವ ಹಸು ಕೊರಳ ಹಗ್ಗದಲ್ಲೇ ನಡೆಯುತ್ತದೆ. ಮೂತಿಗೆ ಸುತ್ತುವ ಹಗ್ಗದಲ್ಲೇ ಹೋರಿಯನ್ನೂ ಪಳಗಿಸಬಹುದು. ಕರುವಾಗಿನಿಂದ ಕೈಬಳಕೆ ಬೇಕು, ದಿನಗಳೂ ಹೆಚ್ಚು ಬೇಕು. ಮೂಗು ಚುಚ್ಚಿದರೆ ಆ ದಿನಗಳು ನಮಗೆ ಉಳಿಯುತ್ತವೆ. "ಮಗನ ಹಾಗೆ ಸಾಕಿದ್ದೇನೆ" ಎನ್ನುವವರನ್ನು ಕಂಡಾಗ ನನಗೆ ಕೇಳಬೇಕೆನಿಸುವುದು ಈ ದಿನಗಳ ಲೆಕ್ಕವನ್ನೇ.