ವೆಲ್ಕ್ರೋ: ಕೊಕ್ಕೆ ಮತ್ತು ಕುಣಿಕೆಯ ಪಟ್ಟಿ

ಒತ್ತಿದರೆ ಕಚ್ಚಿಕೊಂಡು, ಎಳೆದರೆ ಚರ್ರೆಂದು ಬಿಡುವ ಜೋಡಿ ಪಟ್ಟಿ. ಒಂದರ ಮೈಮೇಲೆ ಒರಟು ಕೊಕ್ಕೆಗಳು, ಇನ್ನೊಂದರ ಮೇಲೆ ಮೆತ್ತನೆಯ ದಾರದ ಕುಣಿಕೆಗಳು. ಹಿಡಿತಕ್ಕೆ ಅಂಟು ಬೇಕಿಲ್ಲ. ಅಡ್ಡಕ್ಕೆ ಜಗ್ಗಿದರೆ ಕೊಕ್ಕೆಗಳೆಲ್ಲ ಒಟ್ಟಿಗೆ ಹಿಡಿಯುತ್ತವೆ. ತುದಿಯಿಂದ ಸುಲಿದರೆ ಸಾಲುಸಾಲಾಗಿ ಬಿಡುತ್ತವೆ. ಒಂದನೇ ಕ್ಲಾಸಿನ ಮಗು ತನ್ನ ಶೂ ತಾನೇ ಬಿಚ್ಚುವುದು ಇದರಿಂದಲೇ.

1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿಯೊಂದಿಗೆ ಸುತ್ತಾಡಿ ಬಂದಾಗ ಬಟ್ಟೆಗೂ ನಾಯಿಯ ಕೂದಲಿಗೂ ಬರ್ಡಾಕ್ ಗಿಡದ ಕಾಯಿಗಳು ಮೆತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಮುಳ್ಳಿನ ತುದಿಯೂ ಕೊಕ್ಕೆ. ನಮ್ಮ ಬಯಲುಗಳಲ್ಲಿ ಕುರಿಯ ಉಣ್ಣೆಗೆ ಸಿಕ್ಕಿಕೊಳ್ಳುವ ಮರುಳುಮತ್ತಿ ಕಾಯಿಯದೂ ಇದೇ ಉಪಾಯ.

ಕಂಡದ್ದು ಒಂದೇ ದಿನ, ಮಾಡಲು ಹಿಡಿದದ್ದು ವರ್ಷಗಟ್ಟಲೆ. ಹತ್ತಿಯ ದಾರ ಬೇಗ ಸವೆಯಿತು. ನೈಲಾನ್ ಕುಣಿಕೆಗಳನ್ನು ಅವಕೆಂಪು ಕಿರಣದ ಶಾಖದಲ್ಲಿ ಗಟ್ಟಿಮಾಡಿ, ಒಂದು ಬದಿ ಕತ್ತರಿಸಿದಾಗ ಕೊಕ್ಕೆ ಸಿಕ್ಕಿತು. 1955ರಲ್ಲಿ ಪೇಟೆಂಟ್ ಬಂತು. ಫ್ರೆಂಚಿನ 'ವೆಲೂರ್' (ಮಖಮಲ್ಲು), 'ಕ್ರೋಶೆ' (ಕೊಕ್ಕೆ) ಸೇರಿ ಹೆಸರಾಯಿತು. 1978ರಲ್ಲಿ ಪೇಟೆಂಟ್ ಮುಗಿದು ಎಲ್ಲರೂ ಪಟ್ಟಿ ನೇಯತೊಡಗಿದರೂ ಹೆಸರು ಮಾತ್ರ ಕಂಪನಿಯ ಟ್ರೇಡ್‌ಮಾರ್ಕ್ ಆಗಿಯೇ ಉಳಿಯಿತು. ಬೇರೆಯವರ ಪಟ್ಟಿಯನ್ನು ಆ ಹೆಸರಿನಿಂದ ಕರೆಯಬೇಡಿ ಎಂದು 2017ರಲ್ಲಿ ಕಂಪನಿ ಹಾಡನ್ನೇ ಕಟ್ಟಿ ವಿಡಿಯೊ ಬಿಟ್ಟಿತು. ಮೈಸೂರಿನ ದರ್ಜಿಗೆ ಅದೇನೂ ತಟ್ಟಿಲ್ಲ. ಯಾರು ನೇಯ್ದರೂ ಅದು ವೆಲ್ಕ್ರೋನೇ.

ಖ್ಯಾತಿ ತಂದದ್ದು ಅಪೊಲೊ ಯಾನ. ತೂಕವಿಲ್ಲದ ಕಡೆ ಪೆನ್ನು, ಊಟದ ಪೊಟ್ಟಣ ತೇಲಿಹೋಗದಂತೆ ಹಿಡಿದದ್ದು ಈ ಪಟ್ಟಿ. ಅದೇ ನೈಲಾನ್ 1967ರ ಜನವರಿ 27ರಂದು, ಶುದ್ಧ ಆಮ್ಲಜನಕ ತುಂಬಿದ್ದ ಅಪೊಲೊ-1ರ ಕೋಣೆಯಲ್ಲಿ ಬೆಂಕಿಗೆ ಮೇವಾಯಿತು. ಮೂವರು ಗಗನಯಾತ್ರಿಗಳು ಸತ್ತರು. ಆಮೇಲೆ ಅದರ ಬಳಕೆಗೆ ಕಡಿವಾಣ ಬಿತ್ತು.

  

ನೆಲದ ಮೇಲೆ ಇದರ ಕೆಲಸ ಬಿಪಿ ನೋಡುವ ಪಟ್ಟಿ, ಸೊಂಟದ ಬೆಲ್ಟು, ಸ್ಕೂಲ್ ಬ್ಯಾಗುಗಳಲ್ಲಿ. ಹೊಲಿಯುವಾಗ ಮೆತ್ತನೆಯ ಪಟ್ಟಿ ಮೈಯ ಕಡೆಗೆ, ಒರಟು ಪಟ್ಟಿ ಹೊರಕ್ಕೆ. ಅದಲುಬದಲಾದರೆ ಚರ್ಮ ಕೆರೆಯುತ್ತದೆ. ಕೊಕ್ಕೆಗಳ ನಡುವೆ ಕೂದಲು, ನೂಲು ತುಂಬಿ ಹಿಡಿತ ಸಡಿಲವಾದರೆ ಪಿನ್ನಿನಿಂದ ಕೆದಕಿ ತೆಗೆದರೆ ಸಾಕು. ಕುಣಿಕೆಗಳೇ ಹರಿದು ನಾರಾಗಿದ್ದರೆ ಹೊಲಿಗೆ ಬಿಚ್ಚಿ ಹೊಸ ಪಟ್ಟಿ ಹಾಕಬೇಕು.