ಲೋ-ಕೋಡ್ ತಂತ್ರಾಂಶಗಳಲ್ಲಿ ಹುಡುಕಾಟದ ಆಯ್ಕೆಗಳನ್ನು ಉಳಿಸಿಡುವ ಬಗ್ಗೆ ಮಾಹಿತಿ

ಆನ್‌ಲೈನ್ ಮೂಲಕ ದಾಖಲೆ ಹುಡುಕುವ ಅರ್ಜಿದಾರರು ಪ್ರತಿ ಬಾರಿಯೂ ಹಲವು ಆಯ್ಕೆಗಳನ್ನು ನಮೂದಿಸಬೇಕಾಗುತ್ತದೆ. ಪಹಣಿ ವೀಕ್ಷಣೆಗಾಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನೋಕ್, ಹಿಸ್ಸಾ, ಅವಧಿ ಹಾಗೂ ವರ್ಷವನ್ನು ಆರಿಸುವುದು ರೈತರೆಲ್ಲರೂ ಬಲ್ಲ ಉದಾಹರಣೆ. ಇಂತಹ ಆಯ್ಕೆಗಳನ್ನು ಉಳಿಸಿಕೊಂಡು ಮುಂದಿನ ಬಾರಿ ತಾನಾಗಿಯೇ ತೋರಿಸುವ ಸೌಲಭ್ಯವನ್ನು ಕೆಲವು ತಂತ್ರಾಂಶಗಳಲ್ಲಿ ಕಲ್ಪಿಸಲಾಗಿರುತ್ತದೆ.

ಸಿದ್ಧ ಘಟಕಗಳನ್ನು ಜೋಡಿಸಿ, ಅಲ್ಪಸ್ವಲ್ಪ ಸೂತ್ರಗಳನ್ನಷ್ಟೇ ಬರೆದು ತಂತ್ರಾಂಶ ರೂಪಿಸುವ ವಿಧಾನವನ್ನು ಲೋ-ಕೋಡ್ ಎನ್ನಲಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಪವರ್ ಆ್ಯಪ್ಸ್ ಅಂತಹ ಒಂದು ಸಾಧನ. ಅದರಲ್ಲಿ ವೇರಿಯಬಲ್‌ನಲ್ಲಿ ಇರಿಸಿದ ಆಯ್ಕೆಯು ತಂತ್ರಾಂಶವನ್ನು ಮುಚ್ಚಿದೊಡನೆ ಅಳಿಸಿಹೋಗುತ್ತದೆ. ಸರ್ವರ್‌ನ ಕೋಷ್ಟಕದಲ್ಲಿ ಬಳಕೆದಾರರ ಇ-ಮೇಲ್ ವಿಳಾಸದೊಂದಿಗೆ ದಾಖಲಿಸಿದಲ್ಲಿ, ಅದೇ ಆಯ್ಕೆಯು ಅವರು ಲಾಗಿನ್ ಆಗುವ ಯಾವುದೇ ಕಂಪ್ಯೂಟರ್‌ನಲ್ಲಿ ಲಭ್ಯವಾಗುತ್ತದೆ.

ಸೇವ್‌ಡೇಟಾ ಮತ್ತು ಲೋಡ್‌ಡೇಟಾ ಎಂಬ ಸೂತ್ರಗಳು ಆಯ್ಕೆಗಳನ್ನು ಬಳಕೆದಾರರ ಸಾಧನದಲ್ಲಿಯೇ ಉಳಿಸುತ್ತವೆ. ಬ್ರೌಸರ್‌ನಲ್ಲಿ ಇದರ ಮಿತಿ 1 ಎಂ.ಬಿ.; ಹುಡುಕಾಟದ ಆಯ್ಕೆಗಳಿಗೆ ಇದು ಧಾರಾಳವಾಯಿತು. ಆದರೆ ಬ್ರೌಸರ್‌ನಲ್ಲಿ ಈ ಮಾಹಿತಿಯು ಗೂಢಲಿಪಿಗೆ ಒಳಪಡದೆ ಸಾದಾ ಪಠ್ಯವಾಗಿಯೇ ಇರುತ್ತದೆ ಎಂಬುದನ್ನು ಸಾರ್ವಜನಿಕರು ಮುಖ್ಯವಾಗಿ ಗಮನಿಸತಕ್ಕದ್ದು. ಸೈಬರ್ ಕೇಂದ್ರದ ಕಂಪ್ಯೂಟರ್‌ನಲ್ಲಿ ತಾವು ಹುಡುಕಿದ ಹೆಸರು ಅಥವಾ ಸರ್ವೆ ನಂಬರ್ ನಂತರ ಬರುವವರ ಕಣ್ಣಿಗೆ ಬೀಳಬಹುದು. ಕೇವಲ ಲಾಗ್ ಔಟ್ ಆದ ಮಾತ್ರಕ್ಕೆ ಅದು ಅಳಿಸಿತೆಂದು ಭಾವಿಸಬಾರದು. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಜಾಲತಾಣದ ಸಂಗ್ರಹಿತ ಮಾಹಿತಿಯನ್ನು ಅಳಿಸಬೇಕು.

ಇದಕ್ಕಿಂತಲೂ ಹೆಚ್ಚಾಗಿ ಕಾಣುವ ತೊಂದರೆ ಇನ್ನೊಂದಿದೆ. ಉಳಿದುಕೊಂಡ ಹಳೆಯ ಆಯ್ಕೆಯು ದಾಖಲೆಯನ್ನೇ ಮರೆಮಾಡುತ್ತದೆ. ಅರ್ಜಿಯ ಸ್ಥಿತಿಯನ್ನು ಕಳೆದ ವರ್ಷಕ್ಕೆ ಸೀಮಿತಗೊಳಿಸಿದ್ದವರಿಗೆ ಈ ವರ್ಷ ಸಲ್ಲಿಸಿದ ಅರ್ಜಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅರ್ಜಿಯೇ ಕಳೆದುಹೋಯಿತೆಂದು ತಿಳಿದು ಮತ್ತೊಮ್ಮೆ ಶುಲ್ಕ ಪಾವತಿಸಿದರೆ ನಷ್ಟ ಅರ್ಜಿದಾರರದೇ. ಹಾಗೆಯೇ, ಹಿಂದಿನ ವರ್ಷದ ಆಯ್ಕೆಯಲ್ಲಿ ಮುದ್ರಿಸಿಕೊಂಡ ಪಹಣಿಯನ್ನು ಬ್ಯಾಂಕಿಗೆ ಒಯ್ದವರು ಬರಿಗೈಯಲ್ಲಿ ಹಿಂತಿರುಗಬೇಕಾದೀತು.

ಆದ್ದರಿಂದ ‘ಯಾವುದೇ ದಾಖಲೆ ಕಂಡುಬಂದಿಲ್ಲ’ ಎಂಬ ಸಂದೇಶ ಬಂದಲ್ಲಿ ಮೊದಲು ಎಲ್ಲ ಆಯ್ಕೆಗಳನ್ನು ತೆರವುಗೊಳಿಸಿ, ಸ್ವೀಕೃತಿ ಸಂಖ್ಯೆಯನ್ನಷ್ಟೇ ನಮೂದಿಸಿ ಹುಡುಕತಕ್ಕದ್ದು. ಆಗಲೂ ದೊರೆಯದಿದ್ದಲ್ಲಿ ಸ್ವೀಕೃತಿ ಪತ್ರದೊಂದಿಗೆ ಅರ್ಜಿ ಸಲ್ಲಿಸಿದ ಕಚೇರಿಯನ್ನು ಸಂಪರ್ಕಿಸಬಹುದು.