ಕಂಚನ್‌ಬಾಗಿನ ಹರಳು

ಆಂಗ್ಲ ನಿಘಂಟುಗಳಲ್ಲಿ ‘ವೂಟ್ಸ್’ ಎಂಬ ಪದವಿದೆ. ನಮ್ಮ ‘ಉಕ್ಕು’ ಎಂಬ ಮಾತೇ ಯಾರದೋ ಕೈತಪ್ಪಿನಿಂದ ರೂಪಗೆಟ್ಟು ಹಾಗಾಯಿತೆಂಬುದು ನಿಘಂಟುಕಾರರ ಊಹೆ. ತೆಲುಗರಿಗೂ ಅದು ಉಕ್ಕೇ ಆದುದರಿಂದ ಹೈದರಾಬಾದಿನ ಕನ್ನಡಿಗರು ಆ ಪದಕ್ಕಾಗಿ ನೆರೆಯವರೊಡನೆ ಜಗಳವಾಡಬೇಕಿಲ್ಲ. ಇಂದಿನ ತೆಲಂಗಾಣದ ಕೋನಸಮುದ್ರಂ ಗ್ರಾಮದ ಮೂಸೆಗಳಲ್ಲಿ ಕರಗಿ ಗಟ್ಟಿಯಾದ ಈ ಉಕ್ಕನ್ನು ಕೊಳ್ಳಲು ಪರ್ಷಿಯದ ವರ್ತಕರು ಬರುತ್ತಿದ್ದರು. ಲೋಹವನ್ನು ನಿಧಾನವಾಗಿ ತಣಿಸಿದರೆ ಅದರ ಒಳಗಟ್ಟು ಬೇರೆಯಾಗುತ್ತದೆಂಬುದನ್ನು ಆ ಕುಲುಮೆಯವರು ಕೈಯಿಂದಲೇ ಅರಿತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಸೀಮೆಯಲ್ಲಿ ಲೋಹವನ್ನು ತಣಿಸುವ ಪ್ರಶ್ನೆ ಮತ್ತೊಮ್ಮೆ ಎದ್ದಿತು; ಈ ಬಾರಿ ಜೆಟ್ ಎಂಜಿನ್ನಿಗಾಗಿ.

1960ರಲ್ಲಿ ಏರ್ ಇಂಡಿಯಾ ತನ್ನ ಬೋಯಿಂಗ್ 707 ವಿಮಾನಗಳನ್ನು ತಂದಾಗ ಅವುಗಳ ರೆಕ್ಕೆಯಡಿಯಲ್ಲಿದ್ದುದು ರೋಲ್ಸ್ ರಾಯ್ಸ್ ಸಂಸ್ಥೆಯ ಕಾನ್ವೇ ಎಂಜಿನ್, ಅಂದರೆ ಟರ್ಬೋಫ್ಯಾನ್ ವಂಶದ ಹಿರಿಯ. ಈ ವಂಶದ ಲಕ್ಷಣ ಸರಳ. ಮುಂದಿನ ಬೀಸಣಿಗೆ ಒಳಗೆಳೆದ ಗಾಳಿಯಲ್ಲಿ ಒಂದು ಪಾಲು ಮಾತ್ರ ಎಂಜಿನ್ನಿನ ಒಡಲನ್ನು ಸೇರಿ, ಸಂಪೀಡಕದಲ್ಲಿ ಒತ್ತರಿಸಲ್ಪಟ್ಟು, ಇಂಧನದೊಡನೆ ಉರಿದು, ಟರ್ಬೈನನ್ನು ತಿರುಗಿಸುತ್ತದೆ. ಉಳಿದುದು ಒಡಲನ್ನು ಬಳಸಿಕೊಂಡು ಹಿಂದಕ್ಕೆ ಹೋಗುತ್ತದೆ. ಇಂದಿನ ಏರ್‌ಬಸ್ ವಿಮಾನಗಳ ಲೀಪ್ ಎಂಜಿನ್ನಿನಲ್ಲಿ ಒಳಹೊಕ್ಕ ಒಂದು ಪಾಲಿಗೆ ಬಳಸಿ ಹೋಗುವುದು ಸುಮಾರು ಹನ್ನೊಂದು ಪಾಲು. ಇಂಧನದ ಉಳಿತಾಯವೂ ಸದ್ದಿನ ಇಳಿಕೆಯೂ ಬಹುಮಟ್ಟಿಗೆ ಇದರಿಂದಲೇ. ಯುದ್ಧವಿಮಾನಕ್ಕೆ ಅಷ್ಟು ದಪ್ಪನೆಯ ಹೊಟ್ಟೆ ಒಗ್ಗದು. ಬೆಂಗಳೂರಿನ ಕಾವೇರಿ ಎಂಜಿನ್ನಿನಲ್ಲಿ ಈ ಪ್ರಮಾಣ 0.16 ಮಾತ್ರ.

ಕಾವೇರಿಯ ಮನೆತನ ಆರಂಭವಾದದ್ದು ಗಂಗೆಯ ದಡದಲ್ಲೆಂಬುದು ಒಂದು ಸೊಗಸು. 1959ರಲ್ಲಿ ಕಾನ್ಪುರದ ವಾಯುಸೇನಾ ಡಿಪೋ ಒಂದರಲ್ಲಿ ಕೂಡಿದ ಸಣ್ಣ ತಂಡವು 1961ರಲ್ಲಿ ಬೆಂಗಳೂರಿಗೆ ಬಂದು ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಾಯಿತು. ಅದೇ ವರ್ಷ ಅದೇ ಊರಿನಲ್ಲಿ ಹಾರಿದ ಎಚ್‌ಎಫ್-24 ಮಾರುತ್ ವಿಮಾನಕ್ಕೆ ಒಳ್ಳೆಯ ಮೈಕಟ್ಟಿತ್ತು, ತಕ್ಕ ಎಂಜಿನ್ ಇರಲಿಲ್ಲ. ಅದರ ಕೊರಗು ಕೊನೆಯವರೆಗೂ ತೀರಲಿಲ್ಲ. ಆ ಪಾಠದ ನೆನಪಿನಲ್ಲೇ 1989ರಲ್ಲಿ ಕಾವೇರಿಗೆ ಮಂಜೂರಾತಿ ದೊರೆಯಿತು.

ಬೆಂಗಳೂರು ವಿನ್ಯಾಸ ಮಾಡಬಲ್ಲದು, ಲೋಹ ಎಲ್ಲಿಂದ? ಉತ್ತರ ಹೈದರಾಬಾದಿನ ಕಂಚನ್‌ಬಾಗಿನಲ್ಲಿತ್ತು. 1963ರಲ್ಲಿ ಸ್ಥಾಪನೆಯಾದ ರಕ್ಷಣಾ ಲೋಹವಿಜ್ಞಾನ ಸಂಶೋಧನಾಲಯ, 1973ರಲ್ಲಿ ಹುಟ್ಟಿದ ಮಿಶ್ರ ಧಾತು ನಿಗಮ ಎರಡೂ ಅಲ್ಲಿವೆ. ಹೆಸರಿನಲ್ಲಿ ಕಾಂಚನವಿದ್ದರೂ ಇಲ್ಲಿನ ಮುಖ್ಯ ಸರಕು ನಿಕಲ್ ಮತ್ತು ಟೈಟಾನಿಯಂ. ಸಂಶೋಧನಾಲಯವನ್ನು ನಡೆಸಿದ ವಿ. ಎಸ್. ಅರುಣಾಚಲಂ ಅವರೇ 1982ರಲ್ಲಿ ರಕ್ಷಣಾ ಮಂತ್ರಿಗಳ ವೈಜ್ಞಾನಿಕ ಸಲಹೆಗಾರರಾದರು. ಕಾವೇರಿಯ ಕನಸು ಕಾಣುವಾಗ ದೆಹಲಿಯಲ್ಲಿ ಒಬ್ಬ ಲೋಹವಿಜ್ಞಾನಿ ಕುಳಿತಿದ್ದರೆಂಬುದು ಸಣ್ಣ ಸಂಗತಿಯಲ್ಲ.

ಟರ್ಬೈನಿನ ಅಲಗು ಎದುರಿಸುವ ಕಷ್ಟವನ್ನು ನೋಡಿ. ಅದರ ಲೋಹ 1300 ಡಿಗ್ರಿಯ ಆಚೀಚೆ ಕರಗತೊಡಗುತ್ತದೆ. ಆಧುನಿಕ ಎಂಜಿನ್ನುಗಳಲ್ಲಿ ಅದರ ಮೇಲೆ ಹರಿಯುವ ಅನಿಲದ ಶಾಖ 1500ನ್ನೂ ಮೀರುತ್ತದೆ. ಅಲಗನ್ನು ಉಳಿಸುವುದು ಅದರೊಳಗೆ ಕೊರೆದಂತಿರುವ ಸಂದುಗಳಲ್ಲಿ ಹರಿಯುವ ಗಾಳಿ, ಮೈಮೇಲಿನ ಪಿಂಗಾಣಿ ಜಾತಿಯ ಲೇಪ, ಮತ್ತು ಹರಳಿನ ಜೋಡಣೆ. ತಯಾರಿಕೆಯ ಮೊದಲ ಹೆಜ್ಜೆಯನ್ನು ಪಂಚಲೋಹದ ವಿಗ್ರಹ ಎರೆಯುವವರು ಥಟ್ಟನೆ ಗುರುತಿಸಿಯಾರು: ಮೇಣದಲ್ಲಿ ಅಲಗಿನ ಪ್ರತಿಕೃತಿ, ಅದರ ಸುತ್ತ ಅಚ್ಚಿನ ಕವಚ, ಮೇಣ ಕರಗಿದ ಮೇಲೆ ಲೋಹದ ಎರಕ. ಇಲ್ಲಿಂದ ಮುಂದೆ ದಾರಿ ಬೇರೆ. ನಿರ್ವಾತದಲ್ಲಿ ಎರೆದ ಅಚ್ಚನ್ನು ಕುಲುಮೆಯ ಬಿಸಿಯಿಂದ ಕೆಳಗಿನ ತಂಪಿಗೆ ಬಹು ಮೆಲ್ಲಗೆ ಇಳಿಸಿದರೆ ಹರಳುಗಳು ಅಲಗಿನ ಉದ್ದಕ್ಕೇ ಬೆಳೆಯುತ್ತವೆ. ಅಡ್ಡಗೆರೆಗಳಿಲ್ಲದ್ದರಿಂದ ಸೀಳುವ ಭಯ ಕಡಿಮೆ. ಕಾವೇರಿಗಾಗಿ ಹೈದರಾಬಾದ್ ಸಾಧಿಸಿದ್ದು ಇದನ್ನು. ಅಚ್ಚಿನ ಬುಡದಲ್ಲಿ ಹಂದಿಯ ಬಾಲದಂತೆ ಸುರುಳಿಯಾದ ಇಕ್ಕಟ್ಟು ದಾರಿಯನ್ನಿಟ್ಟರೆ ಒಂದೇ ಒಂದು ಹರಳು ನುಸುಳಿ ಇಡೀ ಅಲಗಾಗುತ್ತದೆ. ಇದು ಏಕಹರಳಿನ ಅಲಗು. ಅಮೆರಿಕದ ಪ್ರಾಟ್ ಆ್ಯಂಡ್ ವಿಟ್ನಿ ಇದನ್ನು 1980ರ ದಶಕದ ಆರಂಭದಲ್ಲೇ ಪ್ರಯಾಣಿಕರ ವಿಮಾನಗಳಿಗೆ ತಂದಿತ್ತು.

ಎಂಜಿನ್ನಿನ ನಿಯಂತ್ರಣವೂ ಈ ಅಲಗಿನ ಪ್ರಾಣವನ್ನೇ ಕಾಯುತ್ತದೆ. ಪೈಲಟ್ ಸನ್ನೆಗೋಲನ್ನು ಮುಂದೊತ್ತುವುದು ಅಪ್ಪಣೆಯಲ್ಲ, ಕೋರಿಕೆ. ಶಾಖ, ಒತ್ತಡ, ಸುತ್ತುವ ವೇಗಗಳನ್ನು ಅಳೆದು ಎಷ್ಟು ಇಂಧನ ಬಿಡಬೇಕೆಂದು ತೀರ್ಮಾನಿಸುವುದು ಜೋಡಿ ಗಣಕಗಳು. ಒಂದು ಕೈಕೊಟ್ಟರೆ ಇನ್ನೊಂದು. ಇಂಧನ ತುಸು ಅವಸರದಿಂದ ನುಗ್ಗಿದರೂ ಅಲಗು ಬೆಂದೀತು, ಸಂಪೀಡಕದ ಗಾಳಿ ಹಿಮ್ಮುಖವಾಗಿ ಸಿಡಿದೀತು. ಕಾವೇರಿಗೆ ಇಂಥ ನಿಯಂತ್ರಕವನ್ನು ನಮ್ಮವರೇ ರೂಪಿಸಿದರು.

ಆದರೂ ಕಾವೇರಿ ನಿಗದಿಗಿಂತ ಭಾರವಾಯಿತು, ನೂಕುಬಲ ಕಡಿಮೆಬಿತ್ತು. 2001ರಲ್ಲಿ ತೇಜಸ್ ಮೊದಲು ಹಾರಿದ್ದು ಅಮೆರಿಕದ ಎಂಜಿನ್ನಿನಿಂದ. 2008ರಲ್ಲಿ ಕಾವೇರಿಯನ್ನು ಆ ಯೋಜನೆಯಿಂದ ಬೇರ್ಪಡಿಸಲಾಯಿತು. 2010ರಲ್ಲಿ ರಷ್ಯದಲ್ಲಿ ಇಲ್ಯೂಷಿನ್-76 ವಿಮಾನದ ರೆಕ್ಕೆಯಡಿ ಅದು ಆಕಾಶವನ್ನು ಕಂಡಿತು. ಇದನ್ನು ಬರಿಯ ಸೋಲೆನ್ನುವವರು ಕಂಚನ್‌ಬಾಗಿನ ಕಡೆಗೆ ನೋಡಿಲ್ಲವೆಂದೇ ನನ್ನ ಅನಿಸಿಕೆ. 2021ರ ಏಪ್ರಿಲ್‌ನಲ್ಲಿ ಸಂಶೋಧನಾಲಯವು ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಏಕಹರಳಿನ ಅಲಗುಗಳನ್ನು ಎಚ್‌ಎಎಲ್‌ಗೆ ಒಪ್ಪಿಸಿತು, ಗುರಿ 300. ಮರುತಿಂಗಳು, 2000 ಟನ್ ಒತ್ತಡಯಂತ್ರದಲ್ಲಿ ರೂಪಿಸಿದ ಟೈಟಾನಿಯಂ ಮಿಶ್ರಲೋಹದ 200 ಸಂಪೀಡಕ ಚಕ್ರಗಳು ಬೆಂಗಳೂರಿಗೆ ಸಂದಿದ್ದು ಪ್ರಕಟವಾಯಿತು. ಜಾಗ್ವಾರ್ ವಿಮಾನದ ಅಡೂರ್ ಎಂಜಿನ್ನಿಗಾಗಿ ಮಾಡಿದ ಚಕ್ರಗಳವು. ಅಡೂರ್ ಕೂಡ ಟರ್ಬೋಫ್ಯಾನೇ.

2025ರ ನವೆಂಬರ್‌ನಲ್ಲಿ ಹೈದರಾಬಾದ್ ವಿಮಾನ ನಿಲ್ದಾಣದ ಆವರಣದಲ್ಲಿ ಫ್ರಾನ್ಸಿನ ಸಾಫ್ರಾನ್ ಸಂಸ್ಥೆ ಲೀಪ್ ಎಂಜಿನ್ನುಗಳ ದುರಸ್ತಿಗಾರವನ್ನು ತೆರೆಯಿತು. ಅಲ್ಲಿ ಎಂಜಿನ್ನನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಕಟ್ಟಿ ಪರೀಕ್ಷಿಸುವ ಕೆಲಸವನ್ನು ನಮ್ಮ ಹುಡುಗರು ಕಲಿಯುತ್ತಾರೆ. ಎರಕದ ಗುಟ್ಟು ಬೇರೆ ವಿದ್ಯೆ, ಅದನ್ನು ಬಲ್ಲವರು ಹಂಚುವುದಿಲ್ಲ. ಕಂಚನ್‌ಬಾಗಿನ ಹರಳು ಪ್ರಯಾಣಿಕರ ವಿಮಾನದ ರೆಕ್ಕೆಯನ್ನು ಇನ್ನೂ ತಲುಪಿಲ್ಲ.